ಗುಡ್ಡದ ಆಚೆ ಮಗ್ಗುಲು

ಗ್ವಾಟೆಮಾಲಾಕ್ಕೆ ಹೋಗಿಬಂದವರ ಫೋಟೋಗಳಲ್ಲಿ ಅತಿತ್ಲಾನ್ ಸರೋವರದ್ದು ಒಂದಾದರೂ ಇದ್ದೇ ಇರುತ್ತದೆ. ನೀಲಿ ನೀರು, ಆಚೆ ದಂಡೆಯಲ್ಲಿ ಸಾನ್ ಪೆದ್ರೊ, ತೋಲಿಮಾನ್, ಅತಿತ್ಲಾನ್ ಎಂಬ ಮೂರು ಜ್ವಾಲಾಮುಖಿಗಳು, ಎದುರಿಗೆ ನೀರಿನತ್ತ ಚಾಚಿದ ಹಲಗೆಯ ಕಟ್ಟೆ. ಬಹುಪಾಲು ಎಲ್ಲವೂ ಉತ್ತರ ದಂಡೆಯ ಪಾನಾಹಚೆಲ್ ಪೇಟೆಯಿಂದ ತೆಗೆದವು. ಹಾಗಾಗಿ ಅವುಗಳಲ್ಲಿ ಗುಡ್ಡಗಳ ಈಚೆ ಮಗ್ಗುಲು ಮಾತ್ರ ಕಾಣುತ್ತದೆ. ನಾನು ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರ. ಅರೇಬಿಕಾ ಕೊಯ್ದು ಒಣಗಿಸಿ ಮುಗಿಸಿದ ಮೇಲೆ ಅಲ್ಲಿಗೆ ಹೋದಾಗ ನನ್ನ ಕಣ್ಣಿದ್ದದ್ದು ಆಚೆ ಮಗ್ಗುಲಿನ ಮೇಲೆ, ಪೆಸಿಫಿಕ್ ಕಡಲಿನ ಕಡೆಗೆ ಇಳಿಯುವ ಸೆಕೆಯ ಸೀಮೆಯ ಮೇಲೆ. ಈ ಸರೋವರದ ಸುತ್ತಲಿನ ಮಾಯಾ ಊರುಗಳ ಐನೂರು ವರ್ಷಗಳ ಕಥೆಯನ್ನು ಆ ಇಳಿಜಾರು ಬಿಟ್ಟು ಹೇಳಿದರೆ ಅರ್ಧ ಹೇಳಿದ ಹಾಗೆ.

ಅದಕ್ಕೂ ಹಿಂದಿನದನ್ನು ಚುಟುಕಾಗಿ ಮುಗಿಸುತ್ತೇನೆ. ಸುಮಾರು 80 ಸಾವಿರ ವರ್ಷಗಳ ಹಿಂದೆ ಇಲ್ಲೊಂದು ಭಾರೀ ಸ್ಫೋಟವಾಗಿ ನೆಲ ಕುಸಿಯಿತು. ಕುಸಿದ ಗುಂಡಿಯಲ್ಲಿ ನೀರು ನಿಂತಿತು, ಅದರ ತೆಂಕಣ ಅಂಚಿನಲ್ಲಿ ಈ ಮೂರು ಜ್ವಾಲಾಮುಖಿಗಳು ಎದ್ದವು. ಸರೋವರ ಇರುವುದು ಸಮುದ್ರಮಟ್ಟದಿಂದ 1560 ಮೀಟರಿನ ಆಸುಪಾಸಿನಲ್ಲಿ, ಆಳ 300 ಮೀಟರಿಗೂ ಮಿಕ್ಕಿದ್ದು. ಹೊಳೆಗಳು ಬಂದು ಸೇರುತ್ತವೆ, ಹೊರಗೆ ಹರಿಯುವ ಹೊಳೆ ಒಂದೂ ಇಲ್ಲ. ನೀರು ನೆಲದಡಿಯಲ್ಲಿ ಜಿನುಗಿ ಹೋಗುತ್ತದೆ. ಹಾಗಾಗಿ ಮಟ್ಟ ತನ್ನಿಷ್ಟಕ್ಕೆ ಏರಿಳಿಯುತ್ತದೆ. 1976ರ ಫೆಬ್ರುವರಿ 4ರ ಭೂಕಂಪದ ನಂತರ ಒಂದೇ ತಿಂಗಳಲ್ಲಿ ಎರಡು ಮೀಟರ್ ತಗ್ಗಿತು. 2010ರ ಸುಮಾರಿಗೆ ಏರತೊಡಗಿ ದಂಡೆಯ ಬಂಗಲೆಗಳ ಕೆಳಮಹಡಿಗಳನ್ನು ನುಂಗಿತು. ದಕ್ಷಿಣದ ನೀರಿನಡಿಯಲ್ಲಿ ಸಮಾಬಾಹ್ ಎಂಬ ಮಾಯಾ ನೆಲೆಯೇ ಮುಳುಗಿ ಕೂತಿದೆ, ಹೆಚ್ಚುಕಡಿಮೆ ಕ್ರಿ.ಶ. ಮೂರನೆಯ ಶತಮಾನದಷ್ಟು ಹಳೆಯದು. ಹಳೆಯ ಊರುಗಳ ಮನೆಗಳು ಮೇಲೆ, ಏರಿನಲ್ಲಿವೆ. ದಂಡೆಗೆ ಅಂಟಿಕೊಂಡು ಕಟ್ಟಿದವರಲ್ಲಿ ಹೆಚ್ಚಿನವರು ಹೊರಗಿನ ದುಡ್ಡಿನವರು.

ಪಾನಾಹಚೆಲ್‌ನಿಂದ ಸಾಂತಿಯಾಗೋ ಅತಿತ್ಲಾನಿಗೆ ಲಾಂಚಾದಲ್ಲಿ, ಅಂದರೆ ಮೋಟಾರು ದೋಣಿಯಲ್ಲಿ ದಾಟುತ್ತಾರೆ. ಮಧ್ಯಾಹ್ನದೊಳಗೆ ದಾಟಿಬಿಡಬೇಕು. ಆಮೇಲೆ ಶೊಕೊಮಿಲ್ ಎಂಬ ಗಾಳಿ ಎದ್ದು ಸೊಂಟದ ಕೀಲು ಕಳಚುವ ಹಾಗೆ ದೋಣಿಯನ್ನು ಎತ್ತಿ ಒಗೆಯುತ್ತದೆ. ಉತ್ತರ, ಪೂರ್ವ ದಂಡೆಯವರ ಮಾತು ಕಾಕ್ಚಿಕೆಲ್. ದಕ್ಷಿಣ, ಪಶ್ಚಿಮದವರದು ತ್ಸುತುಹಿಲ್. ಸಾಂತಿಯಾಗೋ ತ್ಸುತುಹಿಲರ ಮುಖ್ಯ ಊರು. ಅಲ್ಲಿನ ಹಿರಿಯ ಹೆಂಗಸರು ಉದ್ದನೆಯ ಕೆಂಪು ಪಟ್ಟಿಯನ್ನು ತಲೆಯ ಸುತ್ತ ಸುತ್ತಿ ಸುತ್ತಿ ತಟ್ಟೆಯಷ್ಟು ಅಗಲ ಮಾಡಿಕೊಳ್ಳುತ್ತಾರೆ. ಆ ತಲೆಪಟ್ಟಿ ತೊಟ್ಟ ಒಬ್ಬಾಕೆಯ ಮುಖ ಗ್ವಾಟೆಮಾಲಾದ 25 ಸೆಂತಾವೊ ನಾಣ್ಯದ ಮೇಲಿದೆ. ಅವರು ಇದೇ ಊರಿನ ಕೊನ್ಸೆಪ್ಸಿಯೊನ್ ರಮೀರೆಸ್.

ನಾನು ದೋಣಿಯ ಅಂಚಿನಿಂದ ಜೊಂಡಿನ ಮೆಳೆಗಳನ್ನು ನೋಡುತ್ತಿದ್ದೆ. ಪೋಕ್ ಎಂಬ ಹಾರಲಾರದ ನೀರಹಕ್ಕಿ ಜಗತ್ತಿನಲ್ಲಿ ಈ ಸರೋವರವೊಂದರಲ್ಲೇ ಇತ್ತು, ಈ ಜೊಂಡಿನೊಳಗೆ ಗೂಡು ಮಾಡುತ್ತಿತ್ತು. 1958ರಲ್ಲಿ, ಗಾಳ ಹಾಕಲು ಬರುವ ಪ್ರವಾಸಿಗರಿಗೆ ಅನುಕೂಲವಾಗಲಿ ಎಂದು ಅಮೆರಿಕದ ಬ್ಲ್ಯಾಕ್ ಬಾಸ್ ಮೀನನ್ನು ತಂದು ಬಿಟ್ಟರು. ಅದು ಸ್ಥಳೀಯ ಸಣ್ಣ ಮೀನು, ಏಡಿಗಳನ್ನು ತಿಂದು ಮುಗಿಸಿತು. ಹಕ್ಕಿಯ ಮರಿಗಳನ್ನೂ ಬಿಡಲಿಲ್ಲ. ಆನ್ ಲಬಾಸ್ಟಿಲ್ ಎಂಬ ಜೀವಶಾಸ್ತ್ರಜ್ಞೆ 1960ರ ದಶಕದಲ್ಲಿ ಕಾವಲಿಟ್ಟು, ಜೊಂಡು ನೆಡಿಸಿ, ಎಂಬತ್ತರ ಆಸುಪಾಸಿಗೆ ಇಳಿದಿದ್ದ ಸಂಖ್ಯೆಯನ್ನು ಇನ್ನೂರು ದಾಟಿಸಿದ್ದರು. ಆಮೇಲೆ ಭೂಕಂಪ, ಅಂತರ್ಯುದ್ಧ, ದಂಡೆಯ ಬಂಗಲೆಗಳು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಹಕ್ಕಿಯೇ ಇರಲಿಲ್ಲ. ಪ್ರವಾಸಿಗರು ಮಾತ್ರ ಗಾಳವಿಲ್ಲದೆಯೂ ಬಂದರು.

ಸಾಂತಿಯಾಗೋದ ಎದುರು, ಕಿರಿದಾದ ಕೊಲ್ಲಿಯ ಆಚೆ, ಸಾನ್ ಪೆದ್ರೊ ಜ್ವಾಲಾಮುಖಿಯ ಬುಡದಲ್ಲಿ ಚುಯಿತಿನಾಮಿತ್ ಎಂಬ ಸಣ್ಣ ಗುಡ್ಡವಿದೆ. ಸ್ಪೇನಿನವರು ಬರುವ ಮೊದಲು ತ್ಸುತುಹಿಲರ ರಾಜಧಾನಿ ಅಲ್ಲಿತ್ತು. ಈಗ ಅಲ್ಲಿ ನೋಡಲು ಹೆಚ್ಚೇನೂ ಉಳಿದಿಲ್ಲ. ಆದರೆ ಆ ಗುಡ್ಡದ ಮೇಲೆ ಕೂತವರ ಸಿರಿ ಬಂದದ್ದು ಎದುರಿನ ನೀರಿನಿಂದಲ್ಲ, ಬೆನ್ನ ಹಿಂದಿನ ಇಳಿಜಾರಿನಿಂದ. ಅಲ್ಲಿ ಕೊಕ್ಕೋ ಬೆಳೆಯುತ್ತಿತ್ತು. ಕೊಕ್ಕೋಗೆ ಸೆಕೆ ಬೇಕು, ನೆರಳೂ ಬೇಕು. ನಮ್ಮಲ್ಲಿ ಪುತ್ತೂರಿನ ಅಡಿಕೆ ತೋಟದಲ್ಲಿ ಬರುವಂಥದ್ದು ಬಾಬಾಬುಡನ್‌ಗಿರಿಯಲ್ಲಿ ಬರುವುದಿಲ್ಲವಲ್ಲ, ಹಾಗೆಯೇ ಸರೋವರದ ಎತ್ತರದಲ್ಲಿ ಅದು ಬರುವುದಿಲ್ಲ. ಮಧ್ಯ ಅಮೆರಿಕದಲ್ಲಿ ಅದರ ಬೀಜ ಪಾನೀಯವೂ ಹೌದು, ದುಡ್ಡೂ ಹೌದು. 8000 ಬೀಜ ಸೇರಿದರೆ ಒಂದು ಶಿಕಿಪಿಲ್ ಎಂದು ಎಣಿಸುತ್ತಿದ್ದರು. ವಸಾಹತು ಕಾಲದಲ್ಲೂ ಸಂತೆಯ ಚಿಲ್ಲರೆಯಾಗಿ ಅದು ಓಡಾಡಿತು. ಆ ಇಳಿಜಾರಿಗಾಗಿ ಕಿಚೆ ಮತ್ತು ಕಾಕ್ಚಿಕೆಲ್ ಅರಸರು ತ್ಸುತುಹಿಲರ ಜೊತೆ ತಲೆಮಾರುಗಟ್ಟಲೆ ಕಾದಾಡಿದ್ದರು.

1524ರ ಏಪ್ರಿಲ್‌ನಲ್ಲಿ ಸ್ಪೇನಿನ ದಂಡನಾಯಕ ಪೆದ್ರೊ ದೆ ಅಲ್ವರಾದೊ ಬಂದಾಗ ಕಾಕ್ಚಿಕೆಲರು ಅವನ ಜೊತೆಗಿದ್ದರು. ಹಳೆಯ ಜಗಳಕ್ಕೆ ಹೊಸ ಕುದುರೆ ಸಿಕ್ಕಿತ್ತು. ತ್ಸುತುಹಿಲರು ಅವನ ದೂತರನ್ನು ಕೊಂದಿದ್ದರು. ದಂಡೆಯಲ್ಲಿ ಕಾಳಗ ನಡೆದು, ಸೋತವರು ನೀರಿಗೆ ಹಾರಿ ಈಜಿ ತಪ್ಪಿಸಿಕೊಂಡರು. ಕೆಲವೇ ದಿನಗಳಲ್ಲಿ ಅವರ ಅರಸ ಶರಣಾದ. ಆಮೇಲೆ ಆ ಸೀಮೆಯ ಕಪ್ಪಕಾಣಿಕೆಯನ್ನು ಅಲ್ವರಾದೊ ಮತ್ತು ಸಾಂಚೊ ದೆ ಬಾರಹೋನಾ ಎಂಬ ಅವನ ಜೊತೆಗಾರ ಹಂಚಿಕೊಂಡರು. ವಸೂಲಾದದ್ದು ಮುಖ್ಯವಾಗಿ ಕೊಕ್ಕೋ. ಅದರ ಪಾಲಿಗಾಗಿ ಇಬ್ಬರೂ ಆಮೇಲೆ ಕೋರ್ಟು ಹತ್ತಿದರು. 1547ರಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳು ಚುಯಿತಿನಾಮಿತ್ತಿನ ಜನರನ್ನು ಕೊಲ್ಲಿಯ ಈಚೆಗೆ ತಂದು ಈಗಿನ ಊರನ್ನು ಕಟ್ಟಿಸಿದರು. ಬಾಗಿಲಿಗೆ ದುಂಡನೆಯ ಕಲ್ಲಿನ ಮೆಟ್ಟಿಲುಗಳಿರುವ ಅಲ್ಲಿನ ದೊಡ್ಡ ಬಿಳಿ ಇಗರ್ಜಿ ಆ ಶತಮಾನದ್ದು.

ಇಳಿಜಾರಿನ ಕೊಕ್ಕೋ ಬಹಳ ಕಾಲ ಬಾಳಲಿಲ್ಲ. ಕಡಲಾಚೆಯಿಂದ ಬಂದ ಸಿಡುಬು, ದಡಾರಗಳಿಗೆ ತಗ್ಗಿನ ಊರುಗಳು ಮೊದಲು ಬರಿದಾದವು. ಆಮೇಲೆ ಮಾರುಕಟ್ಟೆಯೂ ಗುವಾಯಾಕಿಲ್, ವೆನೆಜುವೆಲಾ ಕಡೆಗೆ ಸರಿಯಿತು. ಸರೋವರದವರು ಆ ದಾರಿಯನ್ನು ಮಾತ್ರ ಬಿಡಲಿಲ್ಲ. ತಗ್ಗಿನ ಹಣ್ಣುಹಂಪಲು ಹೊತ್ತು ಮೇಲಿನ ಸಂತೆಗೆ, ಮೇಲಿನ ಸರಕು ಹೊತ್ತು ತಗ್ಗಿಗೆ ನಡೆದರು. ಸಾಂತಿಯಾಗೋದವರು ವ್ಯಾಪಾರದ ಜನ ಎಂಬ ಮಾತು ಇವತ್ತಿಗೂ ಇದೆ.

ಆ ಇಳಿಜಾರಿಗೆ ಎರಡನೆಯ ಸಲ ಬೆಲೆ ಬಂದದ್ದು ಕಾಫಿಯಿಂದ. ಅದುವರೆಗೆ ಗ್ವಾಟೆಮಾಲಾದ ಮುಖ್ಯ ರಫ್ತು ಕೊಚಿನೀಲ್ ಹುಳದ ಕೆಂಪು ಬಣ್ಣ. 1856ರ ನಂತರ ಯೂರೋಪಿನಲ್ಲಿ ರಾಸಾಯನಿಕ ಬಣ್ಣಗಳು ಬಂದು ಅದರ ಕಥೆ ಮುಗಿಯಿತು. 1871ರಲ್ಲಿ ಲಿಬರಲ್ ಪಕ್ಷದವರು ಅಧಿಕಾರ ಹಿಡಿದರು. 1873ರಿಂದ ಅಧ್ಯಕ್ಷನಾದ ಹುಸ್ತೊ ರುಫಿನೊ ಬಾರ್ರಿಯೊಸ್‌ಗೆ ದೇಶವನ್ನು ಕಾಫಿಯಿಂದ ಉದ್ಧಾರ ಮಾಡುವ ಹಟ. 1877ರಲ್ಲಿ ಅವನು ಎರಡು ಕೆಲಸ ಮಾಡಿದ. ಸಮುದಾಯದ ಹೆಸರಿನಲ್ಲಿದ್ದು ಗೇಣಿಗೆ ಹೋಗಿದ್ದ ಜಮೀನು ಖಾಸಗಿಯವರ ಪಾಲಾಗುವಂತೆ ಕಾನೂನು ತಂದದ್ದು ಮೊದಲನೆಯದು. ಎರಡನೆಯದು ಆಳುಗಳ ಕಾನೂನು. ತೋಟದ ಮಾಲೀಕ ಇಷ್ಟು ಜನ ಬೇಕು ಎಂದು ಕೇಳಿದರೆ ಜಿಲ್ಲೆಯ ಅಧಿಕಾರಿ ಮೇಲಿನ ಊರುಗಳಿಂದ ಅಷ್ಟು ಜನರನ್ನು ಹಿಡಿದು ಕಳಿಸಬೇಕು. ಹೀಗೆ, ಅಜ್ಜಂದಿರು ಕೊಕ್ಕೋ ಬೆಳೆದಿದ್ದ ಇಳಿಜಾರಿಗೆ ಮೊಮ್ಮಕ್ಕಳು ಕಾಫಿ ಕೊಯ್ಯಲು ಆಳುಗಳಾಗಿ ಇಳಿದರು. ತೋಟಗಳ ಮಾಲೀಕರಲ್ಲಿ ಜರ್ಮನ್ನರು ಬಹಳ ಮಂದಿ.

ಆ ಕಾನೂನಿನೊಳಗೆ ಒಂದು ಗಂಟಿತ್ತು. ಯಾವನಾದರೂ ಆಗಲೇ ಒಂದು ತೋಟದ ಸಾಲದಲ್ಲಿದ್ದರೆ ಅವನನ್ನು ಸರ್ಕಾರಿ ಬಿಟ್ಟಿಗೆ ಎಳೆಯುವಂತಿರಲಿಲ್ಲ. ಅಂದಮೇಲೆ ಸಾಲ ಮಾಡುವುದೇ ಲೇಸು ಎನಿಸಿತು. ಹಬಿಲಿತಾದೋರ್ ಎಂಬ ಏಜೆಂಟ್ ಊರಹಬ್ಬದ ದಿನ ಬರುತ್ತಿದ್ದ. ಸಾರಾಯಿ ಹರಿಯುವ ಹೊತ್ತಿಗೆ ಮುಂಗಡ ಹಂಚಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ. ಕೊಯ್ಲು ಮುಗಿದರೂ ಲೆಕ್ಕ ಮುಗಿಯುತ್ತಿರಲಿಲ್ಲ.

ಇದನ್ನು ತಿಳಿಯಲು ನನಗೆ ಸ್ಪ್ಯಾನಿಷ್ ಪುಸ್ತಕಗಳು ಬೇಕಾಗಿರಲಿಲ್ಲ. ನನ್ನ ಅಜ್ಜ ಬಾಳೆಹೊನ್ನೂರು ಕಡೆಯ ತೋಟವೊಂದರಲ್ಲಿ ರೈಟರ್ ಆಗಿದ್ದರು. ಅವರ ಕಾಲದ ಒಂದು ಲೆಕ್ಕದ ಪುಸ್ತಕ ನಮ್ಮ ಮನೆಯ ಪೆಟ್ಟಿಗೆಯಲ್ಲಿದೆ: ಹೆಸರು, ಊರು, ಮೇಸ್ತ್ರಿಯ ಹೆಸರು, ಕೊಟ್ಟ ಮುಂಗಡ, ವಜಾ, ಬಾಕಿ. ಬಾಕಿಯ ಕಾಲಮ್ಮು ಪುಟದಿಂದ ಪುಟಕ್ಕೆ ಇಳಿದುಕೊಂಡು ಹೋಗುತ್ತದೆ. ನಮ್ಮಲ್ಲೂ 1859ರ ಒಂದು ಕಾಯಿದೆ ಇತ್ತು. ಮುಂಗಡ ತಗೊಂಡು ಕೆಲಸಕ್ಕೆ ಬಾರದವನನ್ನು ಜೈಲಿಗೆ ಹಾಕಿಸಲು ಅದರಲ್ಲಿ ಅವಕಾಶವಿತ್ತು. ಅಜ್ಜನ ಕಾಲಕ್ಕೆ ಆ ಕಾಯಿದೆ ರದ್ದಾಗಿತ್ತು, ಪುಸ್ತಕ ರದ್ದಾಗಿರಲಿಲ್ಲ. ನಮ್ಮ ಆಳುಗಳು ಘಟ್ಟದ ಕೆಳಗಿನಿಂದ ಮೇಲೆ ಹತ್ತಿ ಬಂದರು, ಅತಿತ್ಲಾನಿನವರು ಮೇಲಿನಿಂದ ಕೆಳಗೆ ಇಳಿದರು. ಎರಡು ದೇಶಗಳ ಕಾಫಿಗೂ ಅಷ್ಟೇ ವ್ಯತ್ಯಾಸ. ಕಾಫಿಯ ಇತಿಹಾಸ ಎಂದರೆ ಬಾಬಾ ಬುಡನ್ ತಂದ ಏಳು ಬೀಜ ಎಂದು ಹೇಳಿ ನಿಲ್ಲಿಸುವವರನ್ನು ಕಂಡರೆ ನನಗೆ ತಾಳ್ಮೆ ಸಾಲದು.

1934ರಲ್ಲಿ ಹೊರ್ಹೆ ಉಬಿಕೊ ಎಂಬ ಸರ್ವಾಧಿಕಾರಿ ಸಾಲದ ಜೀತವನ್ನು ರದ್ದುಮಾಡಿದ. ಅದೇ ಉಸಿರಿನಲ್ಲಿ ಅಲೆಮಾರಿತನದ ವಿರುದ್ಧ ಇನ್ನೊಂದು ಕಾನೂನು ತಂದ: ಸ್ವಲ್ಪ ಜಮೀನಿದ್ದವನು ವರ್ಷಕ್ಕೆ 100 ದಿನ, ಇಲ್ಲದವನು 150 ದಿನ ಕೂಲಿ ಮಾಡಿದ್ದೇನೆಂದು ತೋರಿಸಬೇಕು. ಜೇಬಿನಲ್ಲಿ ಒಂದು ಚಿಕ್ಕ ಪುಸ್ತಕ, ಅದರಲ್ಲಿ ತೋಟದವರ ರುಜು. ಇಲ್ಲದಿದ್ದರೆ ರಸ್ತೆ ಕಡಿಯುವ ಶಿಕ್ಷೆ. ಉಬಿಕೊ 1944ರಲ್ಲಿ ಉರುಳಿದ, ಮರುವರ್ಷ ಈ ಬಲವಂತದ ದುಡಿಮೆಯೂ ಹೋಯಿತು. 1952ರಲ್ಲಿ ಹಕೋಬೊ ಆರ್ಬೆನ್ಸ್ ಸರ್ಕಾರ ಭೂಸುಧಾರಣೆ ತಂದಿತು. 1954ರಲ್ಲಿ ಅಮೆರಿಕದ ಸಿಐಎ ಆ ಸರ್ಕಾರವನ್ನೇ ಬೀಳಿಸಿತು, ಹಂಚಿದ ಜಮೀನು ಹಳೆಯ ಮಾಲೀಕರಿಗೆ ಮರಳಿತು.

ಉಬಿಕೊನ ಕಾಲದಲ್ಲೇ ಪಾನಾಹಚೆಲ್‌ನಲ್ಲಿ ಸೋಲ್ ಟ್ಯಾಕ್ಸ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ವರ್ಷಗಟ್ಟಲೆ ಕೂತು ಮನೆಮನೆಯ ಲೆಕ್ಕ ಬರೆದ. ಯಾರು ಎಷ್ಟು ಈರುಳ್ಳಿ ಸಸಿ ನೆಟ್ಟರು, ಎಷ್ಟಕ್ಕೆ ಮಾರಿದರು, ಮದುವೆಗೆ ಎಷ್ಟು ಕೈಬಿಟ್ಟಿತು, ಎಲ್ಲವನ್ನೂ. 1953ರಲ್ಲಿ ಅದು ‘ಪೆನ್ನಿ ಕ್ಯಾಪಿಟಲಿಸಂ’ ಎಂಬ ಪುಸ್ತಕವಾಗಿ ಬಂತು. ಮಾಯಾ ರೈತ ಮಾರುಕಟ್ಟೆ ತಿಳಿಯದ ಮುಗ್ಧ ಎಂದು ಮಾತಾಡುವವರು ಅದನ್ನು ಓದಬೇಕು. ಕಾಸುಕಾಸಿಗೂ ಲೆಕ್ಕ ಗೊತ್ತಿದ್ದ ಜನ ಅವರು. ಇಲ್ಲದ್ದು ನೆಲ, ಬಂಡವಾಳ.

ಸಾಂತಿಯಾಗೋದಲ್ಲಿ ಪ್ರವಾಸಿಗರನ್ನು ಮೊದಲು ಕರೆದೊಯ್ಯುವುದು ಮಾಷಿಮೋನ್ ಹತ್ತಿರಕ್ಕೆ. ಊರವರು ಅವನನ್ನು ರಿಲಾಹ್ ಮಾಮ್ ಎನ್ನುತ್ತಾರೆ. ಓಣಿಯೊಳಗಿನ ಒಂದು ಮನೆ, ಕತ್ತಲು ಕೋಣೆ, ಕೊಪಾಲ್ ಧೂಪದ ಹೊಗೆ, ನೆಲದಲ್ಲಿ ಮೋಂಬತ್ತಿ ಸಾಲು. ನಡುವೆ ಕುಳ್ಳನೆಯ ಮರದ ಮೂರ್ತಿ, ಮೈತುಂಬ ಕೊರಳವಸ್ತ್ರಗಳು, ತಲೆಗೆ ಟೋಪಿ, ಬಾಯಲ್ಲಿ ಚುಟ್ಟ. ಎರಡು ಬದಿ ಕೊಫ್ರದಿಯಾದ ಹಿರಿಯರು ಕೂತಿರುತ್ತಾರೆ. ಕೊಫ್ರದಿಯಾ ಎಂದರೆ ಸಂತನೊಬ್ಬನ ಸೇವೆಗೆ ಕಟ್ಟಿಕೊಂಡ ಸಂಘ. ಸ್ಪೇನಿನವರು ಕಲಿಸಿದ್ದು, ಮಾಯಾ ಜನ ತಮಗೆ ಬೇಕಾದಂತೆ ಬಳಸಿದ್ದು. ಸೇವೆಯ ಸರದಿ ವರ್ಷವರ್ಷ ಬದಲಾಗುತ್ತದೆ, ಅದರ ಜೊತೆ ಮಾಮ್ ಮನೆ ಬದಲಿಸುತ್ತಾನೆ. ನಾನು ಚುಟ್ಟ, ಸಾರಾಯಿ ಕಾಣಿಕೆ ಇಟ್ಟೆ. ಫೋಟೋಗೆ ದುಡ್ಡು ಬೇರೆ.

ಅವನ ಹುಟ್ಟಿನ ಕಥೆ ಹಲವು ಬಗೆಯಲ್ಲಿದೆ. ನನಗೆ ಹಿಡಿಸಿದ್ದು ಇದು: ಹಿಂದೆ ಈ ಊರಿನ ಶಕ್ತಿವಂತ ವ್ಯಾಪಾರಿಗಳು ತಗ್ಗಿನ ಸೀಮೆಗೆ ಹೋಗಿ ದಿನಗಟ್ಟಲೆ ಬರುತ್ತಿರಲಿಲ್ಲ, ಮನೆಯಲ್ಲಿ ಉಳಿದ ಹೆಂಡಂದಿರ ಮೇಲೆ ಅವರಿಗೆ ಅನುಮಾನ. ಊರು ಕಾಯಲು ಒಬ್ಬ ಬೇಕೆಂದು ಮರದಲ್ಲಿ ಈ ಮಾಮನನ್ನು ಕಡೆದರು. ಅವನು ಕಾಯುವ ಬದಲು ತಾನೇ ಚೇಷ್ಟೆಗಿಳಿದ. ಕಡೆದದ್ದು ಪಾಲೊ ದೆ ಪೀತೊ ಎಂಬ ಮರದಿಂದ. ಮನೆಯ ಹಿತ್ತಲಲ್ಲಿ ಅದನ್ನು ತೋರಿಸಿದಾಗ ಗುರುತು ಹತ್ತಿತು, ನಾವು ಕಾಫಿಗೆ ನೆರಳು ಕೊಡಲು, ಮೆಣಸಿನ ಬಳ್ಳಿ ಹಬ್ಬಿಸಲು ನೆಡುವ ಹಾಲುವಾಣದ ದಾಯಾದಿ ಅದು.

1950ರ ಪವಿತ್ರ ವಾರದಲ್ಲಿ ಪಾದ್ರಿಯೊಬ್ಬ ಈ ಮೂರ್ತಿಯನ್ನು ನಾಶಮಾಡಲು ಹೊರಟು ಊರಲ್ಲಿ ದೊಡ್ಡ ಗಲಾಟೆಯಾಯಿತು. ಆಮೇಲೆ ಮಾಮನ ಮುಖವಾಡ ಕಳವಾಗಿ, ಪ್ಯಾರಿಸ್ಸಿನ ಒಂದು ಮ್ಯೂಸಿಯಂ ಸೇರಿ, 1979ರಲ್ಲಿ ಊರಿಗೆ ಮರಳಿತು. ಇದನ್ನು ಎಲ್ಲ ಗೈಡುಗಳೂ ಹೇಳುತ್ತಾರೆ. ಅವರು ಅಷ್ಟಾಗಿ ಹೇಳದ್ದು ಹಣ್ಣಿನ ನಡಿಗೆಯನ್ನು. ಈಸ್ಟರ್‌ಗೆ ಮುಂಚೆ ಊರಿನ ಹುಡುಗರ ತಂಡ ಗುಡ್ಡಸಾಲು ದಾಟಿ ತಗ್ಗಿನ ಚಿಕಾಕಾವ್ ಸೀಮೆಗೆ ಇಳಿದು, ಕೊಕ್ಕೋ ಕಾಯಿ ಮತ್ತು ಘಮಘಮಿಸುವ ಹಣ್ಣುಗಳನ್ನು ಹೊತ್ತು ತರಬೇಕು. ಹೊರೆ ಬೆನ್ನಿಗೆ, ಅದರ ಪಟ್ಟಿ ಹಣೆಗೆ. ಬಂದ ಹಣ್ಣನ್ನು ಮೆರವಣಿಗೆಯಲ್ಲಿ ತಂದು ಮಾಮನಿಗೂ ಏಸುವಿಗೂ ಒಪ್ಪಿಸುತ್ತಾರೆ. ಸಂತೆಯಲ್ಲಿ ಅದೇ ಹಣ್ಣು ಸಿಗುತ್ತದೆ, ಬಸ್ಸೂ ಇದೆ. ಆದರೂ ನಡೆದೇ ತಂದದ್ದು ಆಗಬೇಕು. ಮಳೆ ಬರಲು, ಮೆಕ್ಕೆಜೋಳ ಮೊಳೆಯಲು ಇದು ಬೇಕು ಎನ್ನುತ್ತಾರೆ ಹಿರಿಯರು. ನನಗೋ ಇದರಲ್ಲಿ ಹಳೆಯ ಜಮೀನಿನ ಎಲ್ಲೆ ಸುತ್ತಿ ಬರುವ ಕೆಲಸವೂ ಕಂಡಿತು. ಪತ್ರ ಬೇರೆಯವರ ಹೆಸರಲ್ಲಿದೆ, ಫಸಲಿನ ಮೊದಲ ಹೊರೆ ಇನ್ನೂ ಇವರ ದೇವರಿಗೇ ಬರುತ್ತದೆ.

ಅಂತರ್ಯುದ್ಧದ ಬಗ್ಗೆ ಹೆಚ್ಚು ಬರೆಯುವ ಹಕ್ಕು ನನಗಿಲ್ಲ, ಬಿಟ್ಟು ಹೋಗುವುದೂ ಸರಿಯಲ್ಲ. 1980ರಲ್ಲಿ ಸೈನ್ಯ ಸಾಂತಿಯಾಗೋದ ಅಂಚಿನ ಪನಾಬಾಹ್‌ನಲ್ಲಿ ಠಾಣೆ ಹಾಕಿತು. ಗೆರಿಲ್ಲಾಗಳು ಜ್ವಾಲಾಮುಖಿಯ ಕಾಡಿನಲ್ಲಿದ್ದರು. ತೋಟಗಳಿಗೆ ಇಳಿಯುವ ದಾರಿ ಅವರದೂ ಹೌದು. ಊರಿನವರು ಒಬ್ಬೊಬ್ಬರಾಗಿ ಕಾಣೆಯಾದರು. ಒಕ್ಲಹೋಮಾದ ರೈತ ಮನೆತನದಿಂದ 1968ರಲ್ಲಿ ಬಂದಿದ್ದ ಪಾದ್ರಿ ಸ್ಟ್ಯಾನ್ಲಿ ರಾಥರ್ ತ್ಸುತುಹಿಲ್ ಕಲಿತು, ರೈತರ ಜೊತೆ ಹೊಲಕ್ಕಿಳಿದವರು. ಅವರನ್ನು 1981ರ ಜುಲೈ 28ರಂದು ಇಗರ್ಜಿಯ ಮನೆಯಲ್ಲೇ ಕೊಂದರು. ದೇಹ ಅಮೆರಿಕಕ್ಕೆ ಹೋಯಿತು, ಊರವರು ಕೇಳಿ ಉಳಿಸಿಕೊಂಡ ಅವರ ಹೃದಯ ಅಲ್ಲೇ ಇದೆ. 1990ರ ಡಿಸೆಂಬರ್ 1ರ ರಾತ್ರಿ ಕುಡಿದ ಸೈನಿಕರು ಒಂದು ಮನೆಗೆ ನುಗ್ಗಲು ಹೋದರು. ಊರವರು ಇಗರ್ಜಿಯ ಗಂಟೆ ಬಾರಿಸಿದರು. ಸಾವಿರಾರು ಜನ ಬಿಳಿ ಬಟ್ಟೆ ಹಿಡಿದು ಬೆಳಗಿನ ಜಾವ ಠಾಣೆಗೆ ಹೋದಾಗ ಸೈನ್ಯ ಗುಂಡು ಹಾರಿಸಿತು. ಹತ್ತಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಊರು ಸಾವಿರಗಟ್ಟಲೆ ಸಹಿ, ಹೆಬ್ಬೆಟ್ಟು ಸಂಗ್ರಹಿಸಿ ಸೈನ್ಯ ಹೊರಡಲಿ ಎಂದಿತು. ಅದೇ ತಿಂಗಳು ಸೈನ್ಯ ಹೊರಟಿತು. ಮುಂಗಡಕ್ಕೆ ಒತ್ತಿದ್ದ ಅದೇ ಹೆಬ್ಬೆರಳು. 2005ರ ಅಕ್ಟೋಬರಿನಲ್ಲಿ ಸ್ಟಾನ್ ಚಂಡಮಾರುತದ ಮಳೆಗೆ ಪನಾಬಾಹ್ ಮೇಲೆ ಗುಡ್ಡದ ಕೆಸರು ಇಳಿದು ನೂರಾರು ಜನ ಹೂತುಹೋದಾಗ, ತೆಗೆಯಲು ಬಂದ ಸೈನಿಕರನ್ನು ಊರವರು ಒಳಗೆ ಬಿಡಲಿಲ್ಲ. ಸಲಿಕೆ ತಾವೇ ಹಿಡಿದರು.

ಪಶ್ಚಿಮ ದಂಡೆಯ ಸಾನ್ ಹುವಾನ್ ಲಾ ಲಗೂನಾದಲ್ಲಿ ನಾನು ನಿರಾಳವಾಗಿ ಓಡಾಡಿದೆ, ಏಕೆಂದರೆ ಅಲ್ಲಿನದು ನನಗೆ ಗೊತ್ತಿರುವ ಪ್ರಪಂಚ. ಕಳೆದ ಶತಮಾನದ ಮಧ್ಯದಿಂದೀಚೆಗೆ ಸರೋವರದ ಊರವರು ತಮ್ಮದೇ ತುಂಡು ನೆಲದಲ್ಲಿ, ಗುಡ್ಡದ ಈಚೆ ಮಗ್ಗುಲಲ್ಲಿ, ಕಾಫಿ ನೆಡತೊಡಗಿದರು. ಆಳಾಗಿ ಕಲಿತ ಕಸುಬು ಸ್ವಂತಕ್ಕೆ ಬಂತು. 1970ರ ದಶಕದ ಕೊನೆಯಲ್ಲಿ ಸಾನ್ ಹುವಾನಿನವರು ಕಟ್ಟಿದ ಸಹಕಾರ ಸಂಘ ಈಗಲೂ ಸಾವಯವ ಕಾಫಿ ರಫ್ತು ಮಾಡುತ್ತದೆ. ನೆಲದ ಅಳತೆ ಕುವೆರ್ದಾ, ಅದೂ ಊರಿಂದೂರಿಗೆ ಬೇರೆ. ನಮ್ಮಲ್ಲಿ ಎಕರೆಗಟ್ಟಲೆ ಮಾತಾಡುವವರಿಗೆ ಅವರ ತೋಟ ಹಿತ್ತಲು. ಆದರೆ ನೆರಳಿಗೆ ನಿಂತ ಮರ ನೋಡಿದರೆ ಸಿಲ್ವರ್ ಓಕ್! ಆಸ್ಟ್ರೇಲಿಯಾದ ಈ ಮರ ಎರಡು ದಿಕ್ಕಿಗೂ ಹೋಗಿ ಕಾಫಿಯ ತಲೆಕಾಯುತ್ತಿದೆ. ಎಲೆತುಕ್ಕು ರೋಗವೂ ಹಾಗೆಯೇ ಬಂದು ಸೇರಿದ್ದು. ಸಿಂಹಳದ ಕಾಫಿಯನ್ನು 1869ರಿಂದ ತಿಂದು ಮುಗಿಸಿ, ನಮ್ಮನ್ನು ಕಾಡಿ, 1970ರಲ್ಲಿ ಬ್ರೆಜಿಲ್‌ಗೆ, 1980ರಲ್ಲಿ ಗ್ವಾಟೆಮಾಲಾಕ್ಕೆ ತಲುಪಿತು. 2012ರ ಕೊಯ್ಲಿನಲ್ಲಿ ಎಷ್ಟು ಜೋರಾಯಿತೆಂದರೆ ಮರುವರ್ಷ ಸರ್ಕಾರ ತುರ್ತುಸ್ಥಿತಿ ಸಾರಿತು.

ಸಂಘದ ಕಣದಲ್ಲಿ ಪಾರ್ಚ್‌ಮೆಂಟ್ ಕೆದಕುತ್ತಿದ್ದ ಒಬ್ಬ ಹಿರಿಯರ ಜೊತೆ ಮಾತಿಗೆ ಕೂತೆ. ಸಂಘದ ಹುಡುಗಿಯೊಬ್ಬಳು ಇಂಗ್ಲಿಷಿಗೆ ಹೇಳುತ್ತಿದ್ದಳು. ಅವರ ಕ್ವಿಂತಾಲ್ 46 ಕಿಲೊ, ನಮ್ಮ ಮೂಟೆ 50. ಮೊದಲು ಅದನ್ನು ಸರಿಹೊಂದಿಸಿಕೊಂಡೆವು. ಬೆಲೆ ಕೇಳಿದರೆ ಅವರು ಫೋನ್ ತೆಗೆದು ಆ ಬೆಳಗಿನ ನ್ಯೂಯಾರ್ಕ್ ದರ ತೋರಿಸಿದರು. ನನ್ನ ಫೋನಿನಲ್ಲೂ ಅದೇ ಇತ್ತು. ಕ್ಯೂರಿಂಗ್‌ನವರು ಔಟ್‌ಟರ್ನ್ ಹೆಸರಲ್ಲಿ ಕಳೆಯುವುದರ ಬಗ್ಗೆ ನಾನು ಹೇಳಿದೆ, ಅವರು ತಮ್ಮ ಕಡೆಯ ಗಿರಣಿಗಳ ಬಗ್ಗೆ ಹೇಳಿದರು. ನಿಮ್ಮ ದೇಶದ ಏಲಕ್ಕಿ ನಮ್ಮ ಸಕಲೇಶಪುರದವರ ದರ ಕೆಡಿಸಿದೆ ಎಂದು ಸುಳ್ಳೇ ಸಿಟ್ಟು ಮಾಡಿದೆ. ಜರ್ಮನ್ ತೋಟಗಾರನೊಬ್ಬ 1914ರ ಸುಮಾರಿಗೆ ಇಂಡಿಯಾದಿಂದ ತರಿಸಿದ ಬೀಜ ಅದು, ಈಗ ಜಗತ್ತಿಗೆ ಅತಿ ಹೆಚ್ಚು ರಫ್ತು ಮಾಡುವವರು ಅವರೇ. ಅದು ಕೊಬಾನ್ ಕಡೆಯವರ ವ್ಯಾಪಾರ, ನಮ್ಮಲ್ಲಿ ಯಾರೂ ತಿನ್ನುವುದೂ ಇಲ್ಲ, ಅವರನ್ನೇ ಕೇಳಿ ದೋನ್, ಎಂದರು.

ಕೊಯ್ಯಲು ಜನ ಸಿಗುತ್ತಾರೆಯೇ ಎಂದು ಅವರು ಕೇಳಿದರು. ಊರವರು ಸಿಗುವುದಿಲ್ಲ, ಅಸ್ಸಾಮಿನಿಂದ, ಎರಡು ಸಾವಿರ ಕಿಲೊಮೀಟರಿಗೂ ಆಚೆಯಿಂದ ರೈಲಿನಲ್ಲಿ ಬರುತ್ತಾರೆ ಎಂದೆ. ಮುಂಗಡ ಕೊಡುತ್ತೀರಾ? ಕೊಡದೆ ಹೊರಡುವುದಿಲ್ಲ ಎಂದೆ. ಅವರು ತಲೆಯಾಡಿಸಿದರು. ತಮ್ಮಲ್ಲಿ ಹುಡುಗರು ಈಗ ತಗ್ಗಿಗೆ ಇಳಿಯುವುದಿಲ್ಲ, ಉತ್ತರಕ್ಕೆ, ಅಮೆರಿಕಕ್ಕೆ ಹೋಗುತ್ತಾರೆ ಎಂದರು. ಗಡಿ ದಾಟಿಸುವ ಕೊಯೊತೆಗೆ ಕೊಡಲು ಬಡ್ಡಿಗೆ ಸಾಲ ಎತ್ತುತ್ತಾರೆ. ಸಾಲಕ್ಕೆ ಈಡಾಗಿ ಬರೆದುಕೊಡುವುದು ತಂದೆಯ ಹೆಸರಿನಲ್ಲಿರುವ ಕಾಫಿಯ ಕುವೆರ್ದಾಗಳನ್ನು.